ಸೂಜಿ ಮೆಣಸು: ಗಿಡದಿಂದ ಜಾಡಿಯವರೆಗೆ

ನಮ್ಮ ಮನೆ ಹಿಂದೆ, ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಈಗ ನಾಲ್ಕು ಸೂಜಿ ಮೆಣಸಿನ ಗಿಡಗಳಿವೆ. ಒಂದನ್ನೂ ನಾನು ನೆಟ್ಟಿದ್ದಲ್ಲ. ಪಿಕಳಾರ ಹಕ್ಕಿಗಳು ಹಣ್ಣು ತಿಂದು, ಪೇರಲೆ ಮರದ ಮೇಲೆ ಕೂತು, ಬೀಜ ಉದುರಿಸಿ ಹೋಗಿದ್ದು. ಹಕ್ಕಿಗಳಿಗೆ ಈ ಖಾರ ತಟ್ಟುವುದೇ ಇಲ್ಲ. ನಮಗೆ, ಹಸುವಿಗೆ, ಇಲಿಗೆ ತಟ್ಟುತ್ತದೆ. ಕಾಯಿಗಳೂ ಅಷ್ಟೇ, ಬೇರೆ ಮೆಣಸಿನ ಹಾಗೆ ಕೆಳಗೆ ಜೋತು ಬೀಳದೆ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಕೆಂಪಾದ ಹಣ್ಣು ಹಕ್ಕಿಗೆ ದೂರದಿಂದಲೇ ಕಾಣುತ್ತದೆ.

ನಮ್ಮ ಸಿದ್ದಾಪುರದ ಕಡೆ ಇದು ಸೂಜಿ ಮೆಣಸು. ಮಂಗಳೂರು, ಪುತ್ತೂರಿನವರು ಗಾಂಧಾರಿ ಮೆಣಸು ಅನ್ನುತ್ತಾರೆ. ಕೆಲವರ ಬಾಯಲ್ಲಿ ಜೀರಿಗೆ ಮೆಣಸು. ಕೊಡಗಿನಲ್ಲಿ ಪರಂಗಿ ಮೆಣಸು. ಪರಂಗಿ ಅಂದರೆ ಯುರೋಪಿನಿಂದ ಬಂದವರು; ಆ ಕೊನೆಯ ಹೆಸರಿನಲ್ಲಿ ಇದರ ಕಥೆಯೇ ಇದೆ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇಲ್ಲಿಗೆ ಬಂತು. ಅದಕ್ಕೂ ಮೊದಲು ನಮ್ಮವರ ಖಾರ ಎಂದರೆ ಕಾಳುಮೆಣಸು. ಆದರೂ ಈ ಗಿಡ ಇಲ್ಲಿಯದೇ ಅನ್ನುವಷ್ಟು ಹೊಂದಿಕೊಂಡಿದೆ. ಅಡಿಕೆ ತೋಟದ ಅರೆ ನೆರಳಲ್ಲೂ ಬರುತ್ತದೆ, ಸರಿಯಾಗಿ ನೋಡಿಕೊಂಡರೆ ಮೂರು ವರ್ಷ ಕಾಯಿ ಬಿಡುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ. ಮಳೆಗಾಲದಲ್ಲಿ ಗಿಡ ಸಾಯುವುದು ಹೆಚ್ಚಾಗಿ ಅದರಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೂಜಿ ಮೆಣಸನ್ನು ಬರೀ ಖಾರಕ್ಕೆ ಅಂತ ಬಳಸುವವರೇ ಜಾಸ್ತಿ. ಖಾರ ಬೇಕಾದರೆ ಪೇಟೆಯಲ್ಲಿ ಎಷ್ಟೋ ಜಾತಿಯ ಮೆಣಸು ಸಿಗುತ್ತದೆ. ಬಣ್ಣ ಬೇಕಾದರೆ ಬ್ಯಾಡಗಿ ಇದೆ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಸೂಜಿ ಮೆಣಸಿನಲ್ಲಿರುವುದು ಪರಿಮಳ. ಒಂದು ಹಸಿರು ಕಾಯಿಯನ್ನು ಎರಡು ಕಲ್ಲುಪ್ಪಿನ ಜೊತೆ ಕುಟ್ಟಾಣಿಯಲ್ಲಿ ಜಜ್ಜಿ ಮೂಗಿನ ಹತ್ತಿರ ತನ್ನಿ. ಹಸಿ ಮಾವಿನ ಸೊನೆಯಂಥ, ಲಿಂಬೆ ಎಲೆಯಂಥ ಒಂದು ವಾಸನೆ ಬರುತ್ತದೆ. ಬಹಳ ಹೊತ್ತು ಕುದಿಸಿದರೆ ಅದು ಹೋಯಿತು, ಖಾರ ಮಾತ್ರ ಉಳಿಯಿತು. ನಾನು ಕೆಳಗೆ ಹೇಳುವ ಎಲ್ಲ ಕೆಲಸವೂ ಆ ವಾಸನೆಯನ್ನು ಉಳಿಸಿಕೊಳ್ಳುವುದಕ್ಕೇ.

ಕೊಯ್ಯುವುದು, ಆರಿಸುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒದ್ದೆ ಕಾಯಿ ಕೊಯ್ದರೆ ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಕೊಯ್ಯುವಾಗ ಒಂದು ವಿಷಯ ಗಮನಿಸಿ. ಹಸಿರು ಕಾಯಿ ತೊಟ್ಟಿನ ಸಮೇತ ಬರುತ್ತದೆ, ಸ್ವಲ್ಪ ಜಗ್ಗಬೇಕು. ಪೂರ್ತಿ ಕೆಂಪಾದ ಹಣ್ಣು ಮುಟ್ಟಿದರೆ ಸಾಕು, ಟೊಪ್ಪಿಯನ್ನು ಗಿಡದಲ್ಲೇ ಬಿಟ್ಟು ಕೈಗೆ ಬೀಳುತ್ತದೆ. ಅದರ ತಲೆಯಲ್ಲಿ ಸಣ್ಣ ಕುಳಿ ಇರುತ್ತದೆ. ಆ ಕುಳಿಯಿಂದಲೇ ಹಣ್ಣು ಬೇಗ ಕೆಡುತ್ತದೆ.

ಹಾಗಾಗಿ ನಾನು ಮೊರದ ಮೇಲೆ ಮೂರು ಪಾಲು ಮಾಡುತ್ತೇನೆ. ತೊಟ್ಟು ಗಟ್ಟಿಯಾಗಿರುವ ಹಸಿರು ಕಾಯಿ ಲಿಂಬೆ ರಸದ ಜಾಡಿಗೆ. ಹಸಿರಿನಿಂದ ಕೆಂಪಿಗೆ ತಿರುಗುತ್ತಿರುವ ದೋರುಗಾಯಿ ಅವತ್ತಿನ ಅಡುಗೆಗೆ. ಪೂರ್ತಿ ಕೆಂಪು ಒಣಗಿಸಲಿಕ್ಕೆ ಅಥವಾ ಉಪ್ಪಿನಲ್ಲಿ ಹುದುಗು ಹಾಕಲಿಕ್ಕೆ. ಹಕ್ಕಿ ಕುಕ್ಕಿದ್ದು, ಕಪ್ಪು ಚುಕ್ಕೆ ಬಂದದ್ದು ಯಾವ ಜಾಡಿಗೂ ಬೇಡ. ಒಂದು ಕೊಳೆತ ಕಾಯಿ ಸಾಕು, ಇಡೀ ಜಾಡಿ ಹೋಗುತ್ತದೆ.

ತೊಟ್ಟು ಬಿಡಿಸುವ ಮೊದಲು ಎರಡೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಮುಗಿದ ಮೇಲೆ ಮತ್ತೊಮ್ಮೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಲ್ಲಿ ತೊಳೆದರೆ ಉರಿ ಬೆರಳಿನಿಂದ ಬೆರಳಿಗೆ ಹರಡುತ್ತದೆ ಅಷ್ಟೇ. ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನ ಇಲ್ಲದ್ದೂ ಅದಕ್ಕೇ. ಒಂದು ಚಮಚ ಗಟ್ಟಿ ಮೊಸರು ತಿನ್ನಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈಗವಸು ಹಾಕಿಕೊಂಡೇ ಬಿಡಿಸಿ. ನನ್ನ ಮಗ ಕೈಕೂಸಾಗಿದ್ದಾಗ ಒಮ್ಮೆ ಮೆಣಸು ಬಿಡಿಸಿದ ಕೈಯಲ್ಲೇ ಅವನ ಮುಖ ಒರೆಸಿಬಿಟ್ಟೆ. ಕೈ ತೊಳೆದಿದ್ದೆ, ಆದರೆ ನೀರಲ್ಲಿ ಮಾತ್ರ. ಆ ದಿನ ಅವನು ಅತ್ತಿದ್ದನ್ನು ನಾನಿನ್ನೂ ಮರೆತಿಲ್ಲ.

ಬೀಜ ತೆಗೆದರೆ ಖಾರ ಕಡಿಮೆಯಾಗುತ್ತದಾ ಎಂದು ಕೇಳುವವರಿದ್ದಾರೆ. ಖಾರ ತುಂಬಿರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಇಷ್ಟು ಸಣ್ಣ ಕಾಯಿಯಲ್ಲಿ ಅದನ್ನು ಕೆರೆದು ತೆಗೆಯುವುದು ಆಗದ ಕೆಲಸ. ಖಾರ ಬೇಡವಾದರೆ ಒಂದೆರಡು ಕಾಯಿ ಕಡಿಮೆ ಹಾಕಿ.

ಅಡುಗೆಯಲ್ಲಿ

ನಾಲ್ಕು ಜನರ ಚಟ್ನಿಗೆ ಐದಾರು ಕಾಯಿ ಸಾಕು. ಮೊದಲ ಸಲವಾದರೆ ಮೂರರಿಂದ ಶುರು ಮಾಡಿ. ಒಂದೇ ಗಿಡದಲ್ಲೂ ಖಾರ ಒಂದೇ ಥರ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ಕಮ್ಮಿ ಬಿದ್ದ ಗಿಡದ ಕಾಯಿ ಮಳೆಗಾಲದ ಕಾಯಿಗಿಂತ ಜೋರು.

ಇದರ ನಿಜವಾದ ರುಚಿ ಗೊತ್ತಾಗಬೇಕಾದರೆ ಸುಟ್ಟ ಬದನೆಕಾಯಿ ಗೊಜ್ಜು ಮಾಡಿ. ಒಂದು ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸುಡಿ. ಸಿಪ್ಪೆ ಕಪ್ಪಾಗಿ, ಒಳಗೆ ಮೆತ್ತಗಾಗಬೇಕು. ಅದು ಆರುವಷ್ಟರಲ್ಲಿ ಪಾತ್ರೆಗೆ ಐದು ಸೂಜಿ ಮೆಣಸು, ಅರ್ಧ ಚಮಚ ಕಲ್ಲುಪ್ಪು ಹಾಕಿ, ಸೌಟಿನ ಹಿಂಬದಿಯಿಂದ ಚೆನ್ನಾಗಿ ಜಜ್ಜಿ. ಕಲ್ಲುಪ್ಪಿನ ಹರಳು ಮೆಣಸಿನ ಸಿಪ್ಪೆಯನ್ನು ಹರಿಯುತ್ತದೆ, ಪುಡಿ ಉಪ್ಪಿನಲ್ಲಿ ಅದು ಆಗುವುದಿಲ್ಲ. ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಚಿಟಿಕೆ ಬೆಲ್ಲ, ಸಿಪ್ಪೆ ತೆಗೆದ ಬದನೆ ಸೇರಿಸಿ ಕಿವುಚಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕುವವರು ಹಾಕಬಹುದು. ಕೊನೆಗೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ. ಒಗ್ಗರಣೆ ಬೇಡವೇ ಬೇಡ. ಬಿಸಿ ಅನ್ನಕ್ಕೆ ಕಲಸಿದಾಗ ಹೊಗೆಯ ವಾಸನೆ ಮತ್ತು ಮೆಣಸಿನ ವಾಸನೆ ಎರಡೂ ಬೇರೆ ಬೇರೆಯಾಗಿ ಗೊತ್ತಾಗಬೇಕು. ಮಿಕ್ಸಿಗೆ ಹಾಕಿದರೆ ಹಾಗೆ ಆಗುವುದಿಲ್ಲ.

ಬೇಸಿಗೆಯಲ್ಲಿ ಅಪ್ಪೆಹುಳಿ. ನಮ್ಮ ಕಡೆ ಊಟದ ಕೊನೆಗೆ ಇದನ್ನು ಲೋಟದಲ್ಲಿ ಕುಡಿಯುತ್ತೇವೆ. ಎರಡು ಹುಳಿ ಮಾವಿನಕಾಯಿ ಬೇಯಿಸಿ, ಕಿವುಚಿ, ಗೊರಟು ತೆಗೆದು, ಸುಮಾರು ಒಂದು ಲೀಟರ್ ನೀರು ಸೇರಿಸಿ. ಉಪ್ಪು, ಸ್ವಲ್ಪ ಸಕ್ಕರೆ. ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಸಾಸಿವೆ, ಧಾರಾಳವಾಗಿ ಇಂಗು, ಕರಿಬೇವು, ನಾಲ್ಕು ಸೂಜಿ ಮೆಣಸು. ಇಲ್ಲಿ ಒಂದು ಎಚ್ಚರಿಕೆ ಇದೆ. ಇಡೀ ಮೆಣಸನ್ನು ಬಿಸಿ ಎಣ್ಣೆಗೆ ಹಾಕಬೇಡಿ. ಒಳಗಿನ ನೀರು ಆವಿಯಾಗಿ ಪಟ್ ಅಂತ ಸಿಡಿಯುತ್ತದೆ, ಬಿಸಿ ಎಣ್ಣೆ ಮುಖಕ್ಕೆ ಹಾರುತ್ತದೆ. ಸೀಳಿ ಹಾಕಿ ಅಥವಾ ಚೂರು ಜಜ್ಜಿ ಹಾಕಿ. ಅದೂ ಕೊನೆಯಲ್ಲಿ, ಸಾಸಿವೆ ಸಿಡಿದು, ಒಲೆ ಆರಿಸಿದ ಮೇಲೆ. ಆಗ ಘಾಟು ಏಳುವುದಿಲ್ಲ, ಎಣ್ಣೆಗೆ ಪರಿಮಳ ಇಳಿಯುತ್ತದೆ.

ಮಜ್ಜಿಗೆಗೆ ಇನ್ನೂ ಸುಲಭ. ಒಂದು ಕಾಯಿ, ಸ್ವಲ್ಪ ಶುಂಠಿ, ಉಪ್ಪು ಜಜ್ಜಿ ಒಂದು ಚೊಂಬು ಮಜ್ಜಿಗೆಗೆ ಕದಡಿ. ಹತ್ತು ನಿಮಿಷ ಬಿಟ್ಟು ಸೋಸಿ ಕುಡಿಯಿರಿ. ಸಾರು, ಸಾಂಬಾರಿಗೆ ಇದನ್ನು ಹಾಕುವುದು ನನಗೆ ಇಷ್ಟವಿಲ್ಲ. ಅಷ್ಟು ಹೊತ್ತು ಕುದಿಯುವ ಅಡುಗೆಗೆ ಒಣಮೆಣಸೇ ಸರಿ.

ಲಿಂಬೆ ರಸದ ಜಾಡಿ

ಇದು ನಮ್ಮತ್ತೆ ಕಲಿಸಿದ್ದು. ನಾನು ವರ್ಷಕ್ಕೆ ಎರಡು ಮೂರು ಜಾಡಿ ಮಾಡುವುದು ಇದನ್ನೇ. ಪರಿಮಳ ಅತಿ ಚೆನ್ನಾಗಿ ಉಳಿಯುವುದು ಇದರಲ್ಲಿ, ಯಾಕೆಂದರೆ ಬೆಂಕಿಯ ಕೆಲಸವೇ ಇಲ್ಲ.

100 ಗ್ರಾಂ ಹಸಿರು ಸೂಜಿ ಮೆಣಸು ತೆಗೆದುಕೊಳ್ಳಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಒಂದು ದೊಡ್ಡ ಲೋಟದಷ್ಟು. ಏಳೆಂಟು ರಸಭರಿತ ಲಿಂಬೆಹಣ್ಣು, 30 ಗ್ರಾಂ ಕಲ್ಲುಪ್ಪು. ಮೆಣಸನ್ನು ತೊಟ್ಟಿನ ಸಮೇತ ತೊಳೆದು, ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ ಹರವಿ. ಪೂರ್ತಿ ಒಂದು ದಿನ ಆರಬೇಕು. ಮದುವೆಯಾಗಿ ಬಂದ ಮೊದಲ ವರ್ಷ ನಾನು ಎರಡು ತಾಸಿಗೇ ಜಾಡಿಗೆ ತುಂಬಿಬಿಟ್ಟಿದ್ದೆ. "ಗಡಿಬಿಡಿ ಮಾಡಡ ತಂಗಿ" ಎಂದು ಅತ್ತೆ ಹೇಳಿದ್ದು ಕಿವಿಗೆ ಬಿದ್ದಿತ್ತು, ಆದರೆ ಕಾಯಿಗಳು ನೋಡಲು ಒಣಗಿದ ಹಾಗೇ ಇದ್ದವು. ತೊಟ್ಟು ಮತ್ತು ಕಾಯಿ ಸೇರುವ ಜಾಗದಲ್ಲಿ, ಟೊಪ್ಪಿಯ ಅಡಿಯಲ್ಲಿ, ನೀರು ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಹದಿನೈದು ದಿನಕ್ಕೆ ಮೇಲೆ ಬಿಳಿ ಬೂಸ್ಟು ಬಂತು. ಅಷ್ಟನ್ನೂ ತಿಪ್ಪೆಗೆ ಹಾಕಬೇಕಾಯಿತು. ಈಗ ನಾನು ನಾಲ್ಕೈದು ಕಾಯಿಯ ಟೊಪ್ಪಿಯನ್ನು ಉಗುರಿನಿಂದ ಎತ್ತಿ ನೋಡುತ್ತೇನೆ. ಬೆರಳಿಗೆ ತಂಪು ತಾಗಿದರೆ ಇನ್ನೂ ಅರ್ಧ ದಿನ ಬಿಡುತ್ತೇನೆ.

ಆರಿದ ಮೇಲೆ ಉದ್ದ ತೊಟ್ಟನ್ನು ಕತ್ತರಿಸಿ, ಟೊಪ್ಪಿ ಹಾಗೇ ಇರಲಿ. ಪ್ರತಿ ಕಾಯಿಗೂ ಸೂಜಿಯಿಂದ ಎರಡು ಮೂರು ಕಡೆ ಚುಚ್ಚಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಸೂಜಿ ಮೆಣಸಿನ ಸಿಪ್ಪೆ ಮೇಣದ ಹಾಗೆ ನುಣುಪು. ಚುಚ್ಚದಿದ್ದರೆ ಉಪ್ಪು-ಹುಳಿ ಒಳಗೆ ಹೋಗದೆ, ಹೊರಗೆ ಉಪ್ಪಿನಕಾಯಿ ಒಳಗೆ ಹಸಿ ಮೆಣಸು ಎನ್ನುವ ಹಾಗೆ ಆಗುತ್ತದೆ. ಸೀಳಿದರೂ ಆಗುತ್ತದೆ, ಆದರೆ ಎರಡು ತಿಂಗಳಿಗೆ ಮೆತ್ತಗಾಗಿ ಬೀಜವೆಲ್ಲ ರಸದಲ್ಲಿ ತೇಲುತ್ತದೆ. ಚುಚ್ಚಿದ ಕಾಯಿ ವರ್ಷದ ನಂತರವೂ ಹಲ್ಲಿಗೆ ಕರುಕ್ ಅನ್ನುತ್ತದೆ.

ಗಾಜಿನ ಅಥವಾ ಪಿಂಗಾಣಿ ಜಾಡಿ ಬಿಸಿನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿಟ್ಟಿರಬೇಕು. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ನೀರಿನಂಶ ತೆಗೆದು, ತಣಿಸಿ, ಪುಡಿ ಮಾಡಿ. ಒಂದು ಪದರ ಮೆಣಸು, ಒಂದು ಪದರ ಉಪ್ಪು ಹಾಕುತ್ತಾ ಹೋಗಿ, ಮೇಲಿಂದ ಬೀಜ ಸೋಸಿದ ಲಿಂಬೆ ರಸ ಸುರಿಯಿರಿ. ಕಾಯಿಗಳು ಪೂರ್ತಿ ಮುಳುಗಲೇಬೇಕು. ಮೇಲೆ ತೇಲುವ ಕಾಯಿಗೇ ಮೊದಲು ಬೂಸ್ಟು ಹಿಡಿಯುವುದು. ತೇಲಿದರೆ ಇನ್ನೆರಡು ಲಿಂಬೆ ಹಿಂಡಿ, ಅಥವಾ ಸಣ್ಣ ಗಾಜಿನ ಬಟ್ಟಲನ್ನು ಒಳಗೆ ಕವುಚಿ ಇಟ್ಟು ಒತ್ತಿ. ನೀರು ಮಾತ್ರ ಸೇರಿಸಬೇಡಿ. ತಗಡಿನ ಮುಚ್ಚಳವೂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾಕಿ, ಇಲ್ಲವೇ ಬಟ್ಟೆ ಕಟ್ಟಿ.

ಮೊದಲ ವಾರ ದಿನಕ್ಕೊಮ್ಮೆ ಜಾಡಿಯನ್ನು ಅಲುಗಾಡಿಸಿ. ಮೂರನೇ ದಿನಕ್ಕೆ ಹಸಿರು ಬಣ್ಣ ಮಂಕಾಗಲು ಶುರುವಾಗುತ್ತದೆ, ಹತ್ತು ದಿನಕ್ಕೆ ಮಾಸಲು ಹಳದಿ-ಹಸಿರು ಆಗುತ್ತದೆ. ಹುಳಿಯಲ್ಲಿ ಬಿದ್ದ ಹಸಿರು ಹಾಗೆಯೇ, ಕೆಟ್ಟಿತು ಅಂದುಕೊಳ್ಳಬೇಡಿ. ಮೂರು ವಾರಕ್ಕೆ ತಿನ್ನಲು ಬರುತ್ತದೆ. ಮೂರು ತಿಂಗಳಿಗೆ ನಿಜವಾಗಿ ಚೆನ್ನಾಗಿರುತ್ತದೆ. ತೆಗೆಯುವಾಗ ಒಣ ಚಮಚ. ಮನೆಗೆ ಬಂದವರು ಒದ್ದೆ ಚಮಚ ಅದ್ದುತ್ತಾರೆ ಎಂಬ ಹೆದರಿಕೆ ಇದ್ದರೆ ಸ್ವಲ್ಪ ಸಣ್ಣ ಬಾಟಲಿಗೆ ತೆಗೆದಿಟ್ಟು, ದೊಡ್ಡ ಜಾಡಿಯನ್ನು ಒಳಗಿಡಿ. ಬೆಂಗಳೂರಿನಂಥ ಊರಲ್ಲಿ, ಫ್ಲಾಟಿನಲ್ಲಿ ಇರುವವರು ಫ್ರಿಜ್ಜಿನಲ್ಲಿಟ್ಟರೆ ಚಿಂತೆಯೇ ಇಲ್ಲ.

ಕೆಂಪು ಹಣ್ಣಿಗೆ

ಬಿಸಿಲು ಇರುವಾಗ ಒಣಗಿಸುವುದು ಸುಲಭ. ಫೆಬ್ರುವರಿ, ಮಾರ್ಚಿನ ಬಿಸಿಲಲ್ಲಿ ಮೊರದ ಮೇಲೆ ತೆಳುವಾಗಿ ಹರವಿದರೆ ಆರೇಳು ದಿನ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಒಂದು ಕಾಯಿ ಬಾಗಿಸಿದರೆ ಚಟ್ ಅಂತ ಮುರಿಯಬೇಕು, ಅಲುಗಾಡಿಸಿದರೆ ಒಳಗೆ ಬೀಜ ಗಿಲಗಿಲ ಅನ್ನಬೇಕು. ಬಾಗಿದರೆ ಇನ್ನೂ ಹಸಿ ಇದೆ. ಮಳೆಗಾಲದಲ್ಲಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಬುಟ್ಟಿಗೆ ಹಾಕಿಡುತ್ತಿದ್ದರು, ಹೊಗೆಯ ರುಚಿಯೂ ಸೇರುತ್ತಿತ್ತು. ಡ್ರೈಯರ್ ಇದ್ದವರು 55ರಿಂದ 60 ಡಿಗ್ರಿಯಲ್ಲಿಡಿ, ಜಾಸ್ತಿ ಮಾಡಿದರೆ ಬಣ್ಣ ಕಪ್ಪಾಗುತ್ತದೆ. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಿಕ್ಸಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ನಾನಂತೂ ಪುಡಿ ಮಾಡಿ ಇಡುವುದಿಲ್ಲ. ಇಡೀ ಕಾಯಿಯನ್ನೇ ಡಬ್ಬಿಯಲ್ಲಿಟ್ಟು, ಬೇಕಾದಾಗ ಎರಡು ಮುರಿದು ಹಾಕುತ್ತೇನೆ.

ಹುದುಗು ಹಾಕುವುದನ್ನು ನಾನು ಕಲಿತಿದ್ದು ಈಚೆಗೆ, ಬೆಂಗಳೂರಿನಲ್ಲಿರುವ ಮಗಳಿಂದ. ಅವಳ ಬಾಲ್ಕನಿಯಲ್ಲಿ ಎರಡು ಕುಂಡದಲ್ಲಿ ನಮ್ಮದೇ ಬೀಜದ ಗಿಡಗಳಿವೆ. 200 ಗ್ರಾಂ ಕೆಂಪು ಹಣ್ಣಿಗೆ 10 ಗ್ರಾಂ ಉಪ್ಪು, ಅಂದರೆ ನೂರಕ್ಕೆ ಐದು. ಇಲ್ಲಿ ಅಂದಾಜು ಬೇಡ, ತೂಕ ಮಾಡಿ. ತರಿತರಿಯಾಗಿ ರುಬ್ಬಿ, ಉಪ್ಪು ಕಲಸಿ, ಗಾಜಿನ ಜಾಡಿಯಲ್ಲಿ ಗಾಳಿ ಉಳಿಯದ ಹಾಗೆ ಒತ್ತಿ. ಮುಕ್ಕಾಲು ಜಾಡಿ ಮಾತ್ರ ತುಂಬಿ. ಎರಡು ದಿನಕ್ಕೆ ಗುಳ್ಳೆ ಏಳುತ್ತವೆ, ನಮ್ಮ ದೋಸೆ ಹಿಟ್ಟಿನ ಹಾಗೇ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಶುದ್ಧ ಚಮಚದಲ್ಲಿ ಕೆಳಗೆ ಒತ್ತಿ. ಎರಡು ಮೂರು ವಾರಕ್ಕೆ ಗುಳ್ಳೆ ನಿಲ್ಲುತ್ತದೆ, ಹುಳಿ ವಾಸನೆ ಬರುತ್ತದೆ. ಆಗ ಸ್ವಲ್ಪ ವಿನೆಗರ್ ಸೇರಿಸಿ ನುಣ್ಣಗೆ ರುಬ್ಬಿ, ಬಾಟಲಿಗೆ ತುಂಬಿ ಫ್ರಿಜ್ಜಿಗೆ. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಸ್ಟು ಕಂಡರೆ ಮೇಲಿನದನ್ನು ಕೆರೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಎಸೆಯಿರಿ. ನೀರ್ ದೋಸೆಗೆ ಇದನ್ನು ಎರಡು ಹನಿ ಹಾಕಿಕೊಂಡು ತಿಂದ ಮೇಲೆ, ಹೊಸದು ಅನ್ನುವ ನನ್ನ ಅನುಮಾನ ಹೋಯಿತು.

ಮಜ್ಜಿಗೆ ಮೆಣಸಿಗೆ ಸಾಮಾನ್ಯವಾಗಿ ದಪ್ಪ ಜಾತಿಯ ಹಸಿಮೆಣಸು ಬಳಸುತ್ತೇವೆ. ಸೂಜಿ ಮೆಣಸಿನಲ್ಲೂ ಮಾಡಬಹುದು, ಆದರೆ ಹಸಿರು ಕಾಯಿಯೇ ಆಗಬೇಕು. ಚುಚ್ಚಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಮುಗಿಯುವವರೆಗೆ ಹೀಗೇ. ಆಮೇಲೆ ಗರಿಗರಿಯಾಗುವ ತನಕ ಒಣಗಿಸಿ. ಕರಿಯುವಾಗ ಎಣ್ಣೆ ಹದ ಬಿಸಿ ಇರಲಿ, ಕಾಫಿ ಬಣ್ಣ ಬರುವ ಮೊದಲೇ ತೆಗೆಯಿರಿ.

ಇನ್ನು ಏನೂ ಮಾಡಲು ಪುರುಸೊತ್ತಿಲ್ಲದ ದಿನಕ್ಕೆ ಫ್ರೀಜರ್. ತೊಳೆದು, ಪೂರ್ತಿ ಆರಿಸಿ, ತೊಟ್ಟು ತೆಗೆದು, ಡಬ್ಬಿಗೆ ಹಾಕಿಡಿ. ಪರಿಮಳ ಚೆನ್ನಾಗಿಯೇ ಉಳಿಯುತ್ತದೆ. ಹೊರಗೆ ತೆಗೆದು ಕರಗಲು ಬಿಡಬೇಡಿ, ನೀರು ಬಿಟ್ಟು ಮೆತ್ತಗಾಗುತ್ತದೆ. ಹೆಪ್ಪುಗಟ್ಟಿದ್ದನ್ನೇ ಉಪ್ಪಿನ ಜೊತೆ ಜಜ್ಜಿ.

ಒಂದು ವಿಧಾನ ಮಾತ್ರ ನಾನು ಬೇಡ ಅನ್ನುತ್ತೇನೆ. ಹಸಿ ಮೆಣಸು, ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದು. ನೋಡಲು ಚೆಂದ. ಆದರೆ ಎಣ್ಣೆಯ ಕೆಳಗೆ ಗಾಳಿ ಇಲ್ಲ, ಹುಳಿಯೂ ಇಲ್ಲ. ಹಸಿ ಕಾಯಿಯ ನೀರಿನಂಶ ಮಾತ್ರ ಇದೆ. ಗಾಳಿ ಇಲ್ಲದ ಕಡೆ ಬೆಳೆಯುವ ಬಾಟ್ಯುಲಿಸಂ ರೋಗಾಣುವಿಗೆ ಅಂಥ ಜಾಗ ಬೇಕು. ಅದರ ವಿಷಕ್ಕೆ ಬಣ್ಣ, ವಾಸನೆ ಯಾವುದೂ ಇಲ್ಲದೆ ಇರಬಹುದು, ಗೊತ್ತಾಗುವುದೇ ಇಲ್ಲ. ಎಣ್ಣೆ ಬೇಕೇ ಬೇಕು ಅನ್ನುವವರು ಚೆನ್ನಾಗಿ ಒಣಗಿದ ಮೆಣಸನ್ನು ಬಳಸಿ, ಫ್ರಿಜ್ಜಿನಲ್ಲಿಡಿ, ಬೇಗ ಮುಗಿಸಿ.

ಲಿಂಬೆ ಜಾಡಿಯ ಕಾಯಿ ಖಾಲಿಯಾದಾಗ ತಳದಲ್ಲಿ ಉಳಿಯುವ ರಸವನ್ನು ಚೆಲ್ಲಬೇಡಿ. ಹೊಸ ಕಾಯಿ ಹಾಕಲು ಅದನ್ನು ಮತ್ತೆ ಬಳಸುವುದೂ ಬೇಡ, ಹುಳಿ ಮತ್ತು ಉಪ್ಪು ಎರಡೂ ಕಡಿಮೆಯಾಗಿರುತ್ತವೆ. ನಮ್ಮ ಮನೆಯಲ್ಲಿ ಅದು ತೆಳು ಅವಲಕ್ಕಿಗೆ ಹೋಗುತ್ತದೆ. ತೆಂಗಿನತುರಿ, ಚೂರು ಬೆಲ್ಲ, ಒಂದು ಚಮಚ ಕೊಬ್ಬರಿ ಎಣ್ಣೆ, ಆ ರಸ ಎರಡು ಚಮಚ. ರಸದಲ್ಲೇ ಉಪ್ಪಿದೆ, ಬೇರೆ ಹಾಕಬೇಡಿ. ಕೈಯಲ್ಲಿ ಕಲಸಿ, ಅವಲಕ್ಕಿ ಮೆತ್ತಗಾಗುವ ಮೊದಲೇ ತಿನ್ನಿ.